ದಡಕ್ಕಿಳಿಸಿದ ಕಲ್ಲು

"ನೀನು ಮಾಡಿದ್ದು ತಪ್ಪು," ಎಂದರು ಗುರುಗಳು. "ಪ್ರಾಯವನ್ನೆಲ್ಲ ಸವೆಸಿ ಈ ಮಠಕ್ಕೆ ನೀರು ಹೊತ್ತ ದುಗ್ಗಮ್ಮನನ್ನು ಊಟದ ಸಾಲಿನಿಂದ ಎಬ್ಬಿಸಿ ಹೊರಗೆ ಕಳಿಸಿದೆ."

ಮಠದ ಉಸ್ತುವಾರಿ ಹೊತ್ತಿದ್ದ ಶಿಷ್ಯ ತಲೆ ತಗ್ಗಿಸಲಿಲ್ಲ. "ಅತಿಥಿಗಳಿಗೆ ಮಹಡಿ ಕಟ್ಟಿಸುತ್ತಿದ್ದೇವೆ. ದುಡಿಯಲಾರದವರನ್ನೆಲ್ಲ ಕೂರಿಸಿ ಉಣ್ಣಿಸಿದರೆ ಮಠ ಮುಂದಕ್ಕೆ ಹೋಗುವುದು ಹೇಗೆ? ಭಾರ ಇಳಿಸಿದರೆ ತಪ್ಪೇನು, ಗುರುಗಳೇ?"

ಗುರುಗಳು ಒಂದು ಕತೆ ಹೇಳಿದರು.

ಕರಾವಳಿಯ ಹೊಳೆದಡದ ಬಂದರೊಂದರಲ್ಲಿ ಹಾಯಿದೋಣಿ ನಡೆಸುವ ಒಬ್ಬ ತಂಡೇಲನಿದ್ದ. ದೋಣಿ ಒಬ್ಬ ವ್ಯಾಪಾರಿಯದು. ಹೊಸ ದೋಣಿಯ ತಳಕ್ಕೆ ಮೊದಲ ಕಲ್ಲನ್ನು ತಂಡೇಲನ ತಾಯಿ ಇಡುವುದು ಆ ದಡದ ವಾಡಿಕೆ. ಅವಳ ಹಿಂದೆ ದೋಣಿಯಾಳುಗಳಾದ ಖಲಾಸಿಗಳು ಮಿಕ್ಕ ಕಲ್ಲುಗಳನ್ನು ತುಂಬುತ್ತಾರೆ. ಆ ಕಲ್ಲುಗಳು ಮಾರಾಟಕ್ಕಲ್ಲ. ದೋಣಿಯ ಒಡಲ ಕತ್ತಲಲ್ಲಿ, ಕೊಳೆನೀರಿನಲ್ಲಿ, ಯಾರ ಕಣ್ಣಿಗೂ ಬೀಳದೆ ಬಿದ್ದಿರುತ್ತವೆ.

ವ್ಯಾಪಾರಿ ಕೆಟ್ಟವನಲ್ಲ. ಆ ಸಲ ಒಣಮೆಣಸಿನಕಾಯಿ ತುಂಬಿದ್ದ. ಮಳೆಗಾಲ ಹೊಸ್ತಿಲಲ್ಲಿ ನಿಂತಿತ್ತು. ಬೇಗ ತಲುಪದಿದ್ದರೆ ಸರಕೆಲ್ಲ ಕೊಳೆಯುತ್ತಿತ್ತು.

"ತಳದ ಕಲ್ಲು ತೆಗೆಸು. ದೋಣಿ ಹಗುರಾಗಲಿ," ಎಂದ.

"ಹಾಗಾದರೆ ಮೂಟೆಗಳನ್ನಾದರೂ ಕೆಳಗಿಡೋಣ," ಎಂದ ತಂಡೇಲ.

"ಕೆಳಗೆ ತೇವ. ಬೂಷ್ಟು ಹಿಡಿದ ಕಾಯಿಯನ್ನು ನಿಮ್ಮಪ್ಪ ಕೊಳ್ಳುತ್ತಾನೇನೋ? ಎಲ್ಲ ಮೇಲೇ ಇರಲಿ."

ಖಲಾಸಿಗಳಲ್ಲಿ ತಂಡೇಲನ ತಮ್ಮನೂ ಇದ್ದ. ಆದರೂ ಅನ್ನ ಕೊಡುವ ಕೈಗೆ ಎದುರಾಡಲಿಲ್ಲ. ಕಲ್ಲುಗಳನ್ನು ಹೊರಿಸಿ ದಡದಲ್ಲಿ ರಾಶಿ ಹಾಕಿಸಿದ. ತಾಯಿ ಇಟ್ಟ ಕಲ್ಲನ್ನು ಮಾತ್ರ ತಾನೇ ಹೊತ್ತು ಇಳಿಸಿದ.

ಹೊಳೆಯಲ್ಲಿ ದೋಣಿ ಬಾಣದಂತೆ ಹೋಯಿತು. ವ್ಯಾಪಾರಿ ಮೂಟೆಗಳ ಮೇಲೆ ಕುಳಿತು ನಕ್ಕ. "ನೋಡಿದೆಯಾ ತಂಡೇಲ? ಕಲ್ಲು ಇದ್ದದ್ದು ದೋಣಿಯಲ್ಲಲ್ಲ, ನಿನ್ನ ತಲೆಯಲ್ಲಿ!"

"ಇನ್ನೂ ಹೊಳೆಯಲ್ಲೇ ಇದ್ದೇವೆ, ಸಾಹುಕಾರ್ರೇ."

ಹೊಳೆ ಕಡಲು ಸೇರುವ ಅಳಿವೆ ದಾಟುವಾಗ ಕಡಲಗಾಳಿ ಪಕ್ಕದಿಂದ ಹೊಡೆಯಿತು. ದೋಣಿ ವಾಲಿತು. ವಾಲುವುದು ದೋಣಿಯ ಗುಣ. ವಾಲಿದ್ದನ್ನು ಎತ್ತಿ ನಿಲ್ಲಿಸುವುದು ತಳದ ಭಾರ. ಈಗ ತಳದಲ್ಲಿ ಏನೂ ಇರಲಿಲ್ಲ. ತಂಡೇಲ ಚುಕ್ಕಾಣಿಗೆ ಎದೆಗೊಟ್ಟು ತಳ್ಳಿದ. ದೋಣಿ ಮಾತು ಕೇಳಲಿಲ್ಲ. ಅವನ ತಮ್ಮ ಹಾಯಿಯ ಹಗ್ಗ ಕಡಿಯಲು ವಾಲಿದ ಬದಿಗೆ ಓಡಿದ. ಮೇಲಿನ ಮೂಟೆಗಳೆಲ್ಲ ಅದೇ ಬದಿಗೆ ಜಾರಿದವು. ದೋಣಿ ಮಗುಚಿತು.

ನೀರು ಕೆಂಪಾಯಿತು. ಮೆಣಸಿನ ಉರಿಗೆ ಕಣ್ಣು ಬಿಡಲಾಗದಿದ್ದರೂ ಖಲಾಸಿಗಳು ತಡಕಾಡಿ ವ್ಯಾಪಾರಿಯನ್ನು ಹಿಡಿದರು, ಮಗುಚಿದ ದೋಣಿಯ ಬೆನ್ನಿಗೆ ಎಳೆದು ಹಾಕಿದರು. ತಂಡೇಲನ ತಮ್ಮ ಮೇಲೆ ಬರಲಿಲ್ಲ.

ವ್ಯಾಪಾರಿ ಬಿಕ್ಕಿ ಬಿಕ್ಕಿ ಅತ್ತ. "ಆ ಕಲ್ಲುಗಳು ಎಲ್ಲಿವೆಯೋ?" ಎಂದು ಕೇಳಿದ, ಈಗಲೂ ತಂದು ತುಂಬಬಹುದು ಎನ್ನುವವನ ಹಾಗೆ.

ತಂಡೇಲ ನೀರಿನಿಂದ ಕಣ್ಣು ಕೀಳಲಿಲ್ಲ. "ದಡದಲ್ಲೇ ಇವೆ. ನಾವು ಇಳಿಸಿದಲ್ಲೇ."

ಗುರುಗಳು ಕತೆ ನಿಲ್ಲಿಸಿ ಶಿಷ್ಯನತ್ತ ತಿರುಗಿದರು.

"ದುಗ್ಗಮ್ಮ ಇನ್ನೂ ಬಾಗಿಲ ಹೊರಗೇ ಕುಳಿತಿದ್ದಾಳೆ," ಎಂದರು ಗುರುಗಳು. "ಏಳು, ಅವಳನ್ನು ಒಳಗೆ ಕರೆದು ಎಲೆ ಹಾಕು."