ಗಾರೆಯ ಹಿಂದಿನ ಜಾಯಿಂಟ್

“ಗುರುಗಳೇ, ನನ್ನ ತಮ್ಮ ತೀರಿಕೊಂಡು ಮೂರು ವರ್ಷವಾಯಿತು. ನಾನು ಅಳಲಿಲ್ಲ. ಅವನ ವಿಷಯ ಯಾರ ಮುಂದೆಯೂ ಎತ್ತಲಿಲ್ಲ. ದುಃಖವನ್ನು ಗೆದ್ದೆ ಅನ್ನಬಹುದೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವೈರಿಂಗ್ ಕೆಲಸದವನಿದ್ದ. ಕೆಲಸ ಚೊಕ್ಕ, ಮಾತು ಖಡಾಖಂಡಿತ. ಗೋಡೆಯಲ್ಲಿ ತಂತಿಗೆ ತಂತಿ ಸೇರುವ ಕಡೆ ಜಂಕ್ಷನ್ ಬಾಕ್ಸ್ ಇರಬೇಕು, ಯಾವಾಗ ಬೇಕಾದರೂ ಅದಕ್ಕೆ ಕೈ ಹೋಗುವಂತಿರಬೇಕು ಎಂಬುದು ಅವನ ಕಸುಬಿನ ನಿಯಮ. ಹೊಸ ಮನೆ ಕಟ್ಟಿಸುತ್ತಿದ್ದ ವರ್ತಕನೊಬ್ಬ, “ಗೋಡೆ ಚೆಂದ ಕಾಣ್ಬೇಕು ಕಣಯ್ಯ. ಬಾಕ್ಸ್ ಮೇಲೆ ಗಾರೆ ಮೆತ್ತಿಬಿಡು” ಅಂದ. ಇವನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. “ಮರೆಮಾಡ್ಬೇಕು ಅಂದ್ರೆ ಅದರ ಮುಂದೆ ದೀಪ ಕೂರಿಸ್ತೀನಿ ಸ್ವಾಮಿ. ಎರಡು ಸ್ಕ್ರೂ ಬಿಚ್ಚಿದ್ರೆ ಬಾಕ್ಸ್ ಸಿಗುತ್ತೆ. ಗಾರೆ ಮೆತ್ತಿದ್ರೆ ಒಳಗೆ ಸುಟ್ಟರೂ ಯಾರಿಗೂ ಗೊತ್ತಾಗಲ್ಲ” ಎಂದು ಹೇಳಿ, ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ.

ಕೆಲವು ಕಾಲದ ಮೇಲೆ ಆ ಕೆಲಸದವನ ಹೆಂಡತಿ ತೀರಿಕೊಂಡಳು. ನಡುಮನೆಯ ಗೋಡೆಯಲ್ಲಿ ಅವಳೇ ಆರಿಸಿ ತಂದಿದ್ದ ದೀಪವಿತ್ತು. ಸಂಜೆ ಅದನ್ನು ಹಾಕಿದಾಗಲೆಲ್ಲ ಅವಳ ನೆನಪು ತಡೆಯಲಾರದೆ ಆರಿಸಿಬಿಡುತ್ತಿದ್ದ. ಒಂದು ದಿನ ದೀಪವನ್ನೇ ಕಿತ್ತ. ಅದರ ಹಿಂದಿನ ಬಾಕ್ಸಿನಲ್ಲಿ ಅಡುಗೆಮನೆಗೆ ಹೋಗುವ ತಂತಿಯ ಜಾಯಿಂಟ್ ಇತ್ತು. ಬೇರೆ ದೀಪ ಕೂರಿಸಲು ಮನಸ್ಸು ಬರಲಿಲ್ಲ. ಬರಿಯ ಮುಚ್ಚಳ ಹಾಕಿದರೆ ಅವಳ ದೀಪದ ಜಾಗ ಕಣ್ಣಿಗೆ ಬೀಳುತ್ತದೆ. ಗಾರೆ ಮೆತ್ತಿ ಸುಣ್ಣ ಬಳಿದ. ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುತ್ತಾರಲ್ಲ, ಹಾಗಾಯಿತು.

ಮಾತಾಡಿಸಲು ಬಂದವರಿಗೆಲ್ಲ “ನನಗೇನು, ಚೆನ್ನಾಗಿದ್ದೀನಿ” ಅಂದ. ಅವರು ನಂಬಿದರು, ಬರುವುದನ್ನು ಬಿಟ್ಟರು. ಒಬ್ಬನಿಗೇ ಅನ್ನ ಬೇಯಿಸಿ, ಒಬ್ಬನೇ ಉಂಡು, ಒಂದೇ ತಟ್ಟೆ ತೊಳೆದಿಟ್ಟು ನಾಲ್ಕು ವರ್ಷ ಕಳೆದ. ಅಂಥ ಬಾಳು ಶತ್ರುವಿಗೂ ಬೇಡ.

ಅಡುಗೆಮನೆಯ ದೀಪ ಮಿಣುಕತೊಡಗಿತು. ಬಲ್ಬು ಬದಲಿಸಿದ, ಹೋಲ್ಡರ್ ಬದಲಿಸಿದ, ಸ್ವಿಚ್ಚನ್ನೂ ಬದಲಿಸಿದ. ತೊಂದರೆ ಎಲ್ಲಿದೆಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆ ಗೋಡೆಯ ಹತ್ತಿರ ಸುಳಿಯಲಿಲ್ಲ. ಮಿಣುಕುವ ದೀಪದಲ್ಲೇ ಅಡುಗೆ ಮಾಡುವುದನ್ನು ರೂಢಿ ಮಾಡಿಕೊಂಡ.

ಒಂದು ಮಧ್ಯಾಹ್ನ ಹಳೆಯ ಜೊತೆಗಾರನೊಬ್ಬ ಏಣಿ ಕೇಳಿಕೊಂಡು ಬಂದ. ಅಡುಗೆಮನೆಯಲ್ಲಿ ಕರೆಂಟ್ ಒಲೆಯ ಮೇಲೆ ಅನ್ನ ಬೇಯುತ್ತಿತ್ತು. ಮಾತಾಡುತ್ತ ನಡುಮನೆಯ ಗೋಡೆಗೆ ಕೈಯೂರಿದವನು ಥಟ್ಟನೆ ಕೈ ತೆಗೆದ.

“ಗೋಡೆ ಕಾದಿದೆಯಲ್ಲೋ! ಗೌರಕ್ಕನ ದೀಪ ಇದ್ದದ್ದು ಇಲ್ಲೇ ಅಲ್ವೇನೋ?”

ನಾಲ್ಕು ವರ್ಷದಲ್ಲಿ ಆ ಮನೆಯೊಳಗೆ ಯಾರೂ ಅವಳ ಹೆಸರೆತ್ತಿರಲಿಲ್ಲ. ಅವನು ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಜೊತೆಗಾರ ಮೇನ್ ಸ್ವಿಚ್ ಆರಿಸಿ, ಉಳಿ ಸುತ್ತಿಗೆ ಹುಡುಕಿ ತಂದು ಗಾರೆ ಒಡೆದ. ಒಳಗೆ ತಂತಿಯ ಮೇಲಿನ ಪ್ಲಾಸ್ಟಿಕ್ ಕರಗಿ, ಬಾಕ್ಸ್ ಪೂರ್ತಿ ಕಪ್ಪಾಗಿತ್ತು. ಇನ್ನು ಕೆಲವು ದಿನ ಬಿಟ್ಟಿದ್ದರೆ ಮನೆಯೇ ಉಳಿಯುತ್ತಿರಲಿಲ್ಲ.

ಕತೆ ಮುಗಿಯಿತು. ಶಿಷ್ಯ ತಲೆಯಾಡಿಸಿ, ನಮಸ್ಕರಿಸಿ ಏಳಲು ಹೋದ. ಗುರುಗಳು ಅವನನ್ನು ತಡೆದು ಕೇಳಿದರು:

“ನಿನ್ನ ತಮ್ಮನ ಹೆಸರೇನಪ್ಪಾ?”

ಏಳಹೊರಟಿದ್ದ ಶಿಷ್ಯ ಮತ್ತೆ ಕೂತು ಮುಖ ಮುಚ್ಚಿಕೊಂಡ.