ಹೊಳೆಯಾಚೆಗೆ ಹೊಡೆಯುವ ಕೋವಿ

ನನ್ನಷ್ಟು ಜಿಂಕೆಗಳ ಹಿಂದೆ ಓಡಿದವನು ಈ ಹೊಳೆಸಾಲಿನಲ್ಲಿ ಹುಟ್ಟಿಲ್ಲ. ಕೊನೆಗೆ ಜಿಂಕೆಗಳೇ ಸುಸ್ತಾಗಿ ಕೂತು, "ಬಾರಪ್ಪ, ನೀನೂ ಒಂಚೂರು ನೀರು ಕುಡಿ" ಅಂತಿದ್ದವು.

ಆದರೆ ಇದು ನನಗೆ ಬೇಟೆ ಕಲಿಸಿದ ದ್ಯಾವಪ್ಪಜ್ಜನ ಕಥೆ.

ಆಗ ಬೇಟೆಗೆ ಅಡ್ಡಿಯಿರಲಿಲ್ಲ. ಯುಗಾದಿ ಮಾರನೆಯ ದಿನ ಊರೇ ಕಾಡಿಗೆ ಹೋಗುತ್ತಿತ್ತು. ಆ ವರ್ಷ ಅಜ್ಜನ ಪಕ್ಕದಲ್ಲಿ, ನನ್ನದೇ ಕೋವಿ ಹಿಡಿದು ನಡೀಬೇಕು ಅಂತ ನನಗೆ ಆಸೆ.

ಕಾಫಿ ತೋಟದ ಬಿಳಿ ದೊರೆಯೊಬ್ಬ ಊರು ಬಿಡುವಾಗ ತನ್ನ ಎರಡು ಕೋವಿ ಮಾರಲಿಕ್ಕಿಟ್ಟಿದ್ದ. ಅದರಲ್ಲಿ ಒಂದನ್ನು, ನೋಡಿ ವಾಪಸ್ ಕೊಡ್ತೀನಿ ಅಂತ ಹೇಳಿ ತಂದೆ.

ಅಜ್ಜ ಹೊಳೆದಂಡೆಯ ಬಂಡೆಯ ಮೇಲೆ ಕೂತು ಎಲೆಯಡಿಕೆ ಮೆಲ್ಲುತ್ತಿದ್ದ.

"ಅಜ್ಜ, ದುರ್ಬೀನಿನ ರೈಫಲ್ಲು! ಇಲ್ಲಿಂದ ಆಚೆ ದಡದ ಜಿಂಕೆ ಹೊಡೆಯುತ್ತೆ."

"ಏನು ಕೇಳ್ತಾನೆ?"

"ನನ್ನ ಎತ್ತಿನ ಜೋಡಿ ಮಾರಿದರೆ ಸರಿಹೋಗುತ್ತೆ."

"ಇನ್ನೊಂದು?"

"ಅಯ್ಯೋ, ಅದು ಹಳೇ ಒಂಟಿ ನಳಿಗೆ ಕೋವಿ. ಒಂದು ಕರು ಮಾರಿದರೆ ಸಾಕು. ಕಲ್ಲೆಸೆದಷ್ಟು ದೂರ ಹೊಡೆದರೆ ಹೆಚ್ಚು."

ಅಜ್ಜ ತಲೆಯ ವಸ್ತ್ರ ಬಿಚ್ಚಿ ಕೊಟ್ಟ.

"ಹೋಗು. ಇದನ್ನ ಆಚೆ ದಡದ ಮತ್ತಿಮರಕ್ಕೆ ಕಟ್ಟಿ ಬಾ."

ಹೋದೆ. ಕುತ್ತಿಗೆ ಮಟ್ಟ ನೀರು. ನಡುವೆ ಒಂದು ಮೊಸಳೆ ಅಡ್ಡ ಬಂತು. ನನ್ನ ಮುಖ ನೋಡಿ ದಾರಿ ಬಿಟ್ಟಿತು. ಕಟ್ಟಿ ವಾಪಸ್ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು.

"ಈಗ ಹೊಡಿ."

ದುರ್ಬೀನಿಗೆ ಕಣ್ಣಿಟ್ಟೆ, ಹೊಡೆದೆ. ವಸ್ತ್ರ ಒದರಿಕೊಂಡಿತು.

"ಬಿತ್ತು ಅಜ್ಜ, ನಡುಮಧ್ಯಕ್ಕೆ ತೂತು!"

"ತಗೊಂಡು ಬಾ, ನೋಡೋಣ."

ಹೊಳೆ ನೋಡಿದೆ. ನೀರು ಕಪ್ಪಾಗುತ್ತಿತ್ತು.

"ಕತ್ತಲಾಯ್ತಲ್ಲ ಅಜ್ಜ."

"ಅದೂ ಸರಿ. ಬಟ್ಟೆ ತಾನೆ, ಅದಕ್ಕೆ ನೋವಿಲ್ಲ. ಬೆಳಿಗ್ಗೆ ಹೋಗು."

ನಮ್ಮ ಕಡೆ, ಪೆಟ್ಟು ತಿಂದ ಪ್ರಾಣಿಯನ್ನ ಹೊಡೆದವನೇ ಹುಡುಕಬೇಕು. ಅದು ಸಿಗುವವರೆಗೆ ಅವನು ಅನ್ನ ಮುಟ್ಟುವ ಹಾಗಿಲ್ಲ. ಆ ರಾತ್ರಿ ಮನೆಯಲ್ಲಿ ನನ್ನ ಮುಂದೆ ಮುದ್ದೆ ಇಟ್ಟರು. ಹಸಿವಿಲ್ಲ ಅಂದುಬಿಟ್ಟೆ.

ಬೆಳಿಗ್ಗೆ ವಸ್ತ್ರ ತಂದು ಅಜ್ಜನಿಗೆ ಕೊಟ್ಟೆ. ರೈಫಲ್ಲನ್ನು ಹಿಂದಿರುಗಿಸಿ ಒಂಟಿ ನಳಿಗೆ ತಂದೆ. ಎತ್ತುಗಳು ಕೊಟ್ಟಿಗೆಯಲ್ಲೇ ಉಳಿದವು.

ಅಜ್ಜ ನಾನು ತಂದ ಕೋವಿಯನ್ನ ಒಮ್ಮೆ ತಿರುಗಿಸಿ ನೋಡಿದ. "ತುಕ್ಕು ಒರೆಸು" ಅಂದ. ಅಷ್ಟೇ.

ಬೇಟೆಯ ದಿನ ನಾವಿಬ್ಬರೂ ಗಾಳಿಗೆ ಎದುರಾಗಿ ತೆವಳಿದೆವು. ಮೊಣಕೈ ಸುಲಿಯಿತು. ಇರುವೆಗಳು ನನ್ನ ಬೆನ್ನ ಮೇಲೆ ಊರು ಕಟ್ಟಿ, ಪಂಚಾಯ್ತಿಯನ್ನೂ ಮುಗಿಸಿದವು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಒಂದು ಗಂಡು ಜಿಂಕೆ ಎದುರಿಗಿತ್ತು. ಅದು ಹುಲ್ಲು ಅಗಿಯುವ ಸದ್ದು ಕೇಳುತ್ತಿತ್ತು. ಕಿವಿಯ ಮೇಲೆ ಒಂದು ನೊಣ ಕೂತಿತ್ತು. ಜಿಂಕೆ ಕಿವಿ ಒದರಿತು, ನೊಣ ಹಾರಿ ಮತ್ತೆ ಅಲ್ಲೇ ಕೂತಿತು.

ಹೊಡೆದೆ.

ನಿಂತಲ್ಲೇ ಬಿತ್ತು. ಕಾಲು ಕೂಡ ಒದರಲಿಲ್ಲ.

ಅಜ್ಜ ಹೋಗಿ ಪಕ್ಕದಲ್ಲಿ ಕೂತ. ಅಂಗೈಯಿಂದ ಅದರ ಕಣ್ಣು ಮುಚ್ಚಿದ.

ಈಗ ಆ ಬೇಟೆಯಿಲ್ಲ, ಆ ಜನರಿಲ್ಲ. ನನ್ನ ಕೋವಿಯೂ ಸರ್ಕಾರಕ್ಕೆ ಹೋಯಿತು. ಹೊಳೆದಂಡೆಯ ಆ ಬಂಡೆ ಮಾತ್ರ ಇದೆ. ಅಜ್ಜ ಕೂರುತ್ತಿದ್ದ ಕಡೆ ಕಲ್ಲು ನುಣ್ಣಗಿದೆ. ಯಾವಾಗಲಾದರೂ ಹೋಗಿ ಅದರ ಪಕ್ಕ ಕೂರುತ್ತೇನೆ, ಅದರ ಮೇಲೆ ಕೂರುವುದಿಲ್ಲ. ಕೂತಾಗೆಲ್ಲ, ಜಿಂಕೆ ಬಿದ್ದ ಆ ಮಧ್ಯಾಹ್ನ ನಾವಾಡಿದ ಮಾತು ನೆನಪಾಗುತ್ತದೆ.

ಬೇಟೆಯವರೆಲ್ಲ ಕೂಗಿಕೊಂಡು ಓಡಿ ಬರುತ್ತಿದ್ದರು. ನಾನು ಕೋವಿಯನ್ನ ಕೆಳಗಿಟ್ಟೆ.

"ಅಜ್ಜ, ಆವತ್ತು ಹೊಳೆಯಾಚೆಗೆ ಹೊಡೆದಾಗ ಕೈ ಅಲ್ಲಾಡಲಿಲ್ಲ. ಇವತ್ತು ನೋಡು, ಹೊಡೆದು ಇಷ್ಟು ಹೊತ್ತಾದರೂ ನಡುಕ ನಿಲ್ತಿಲ್ಲ."

ಅಜ್ಜ ನನ್ನ ಕೈಯನ್ನ ತನ್ನ ಕೈಯೊಳಗೆ ಹಿಡಿದುಕೊಂಡ. ಅವನದೂ ನಡುಗುತ್ತಿತ್ತು.

"ಅದು ನಿಂತ ದಿನ, ಕೋವಿ ವಾಪಸ್ ಕೊಟ್ಟುಬಿಡು ಮಗ."