ಜಾಗ ತಿನ್ನುವ ಭೂತ

"ಗುರುಗಳೇ, ನಾವು ಏನನ್ನೂ ಹಾಕದ ಪಾತ್ರೆ ತಾನಾಗಿ ತುಂಬುವುದು ಹೇಗೆ?" ಎಂದು ವೈಜಯಂತಿ ಕೇಳಿದಳು.

ಅವಳು ಮಠದ ಕಂಪ್ಯೂಟರಿನ ಮುಂದಿನಿಂದ ಎದ್ದು ಬಂದಿದ್ದಳು. ಎರವಲು ತಂದ ತಾಳೆಗರಿಗಳ ಚಿತ್ರ ತೆಗೆದು ಅದರಲ್ಲಿ ಕಾಪಿಡುವುದು ಅವಳ ಕೆಲಸ. ನಾಳೆ ಗರಿಗಳ ಒಡೆಯರು ಬರುವವರಿದ್ದರು. ಕೊನೆಯ ಕಟ್ಟು ಇನ್ನೂ ಬಿಚ್ಚಿರಲಿಲ್ಲ. ಡಿಸ್ಕಿನಲ್ಲಿ ಜಾಗವಿರಲಿಲ್ಲ.

"ವೈರಸ್ ಹುಡುಕಿದೆ, ಇಲ್ಲ. ಬೇಡದ್ದನ್ನು ಅಳಿಸಿದೆ, ಮರುದಿನ ಜಾಗ ಮತ್ತೆ ಮಾಯ. ಕಣ್ಣಿಗೆ ಕಾಣುವ ಕಡತಗಳನ್ನೆಲ್ಲ ಕೂಡಿದರೂ ಡಿಸ್ಕಿನ ಅರ್ಧ ತುಂಬುವುದಿಲ್ಲ. ನನ್ನ ಅಜಾಗ್ರತೆಯಂತೂ ಅಲ್ಲ. ಒಂದು ಗರಿಯೂ ಕಳೆಯಬಾರದೆಂದು, ದಿನವೂ ಎಲ್ಲದರ ಹೊಸ ನಕಲೊಂದನ್ನು ಒಳಗೇ ಬಚ್ಚಿಡಲು ಯಂತ್ರಕ್ಕೆ ಹೇಳಿಟ್ಟಿದ್ದೇನೆ. ಗರಿಗಳಿಗೆ ಯಾರದೋ ಶಾಪವಿದೆ ಎಂದು ಅಡುಗೆಯವರು ಹೇಳುತ್ತಾರೆ. ನಾನು ನಂಬುವವಳಲ್ಲ. ಆದರೂ... ಒಂದು ಗ್ರಂಥವನ್ನು ಅಳಿಸಿ ಇನ್ನೊಂದನ್ನು ಉಳಿಸಲೇ?"

ಅವಳ ಬೆರಳುಗಳು ಸೆರಗಿನ ಅಂಚನ್ನು ಮಡಿಸುತ್ತಿದ್ದವು, ಬಿಚ್ಚುತ್ತಿದ್ದವು. ಗುರುಗಳು ಕೂರಲು ಹೇಳಿದರು. ಅವಳು ಕೂರಲಿಲ್ಲ.

ಅವರು ಹೇಳತೊಡಗಿದರು:

ಒಬ್ಬ ರೈತನಿದ್ದ. ಅವನಿಗೆ ತಂದೆ ಅಗೆಸಿದ ಹಗೇವೊಂದಿತ್ತು. ನೆಲದೊಳಗಿನ ಆ ಕಣಜದಲ್ಲಿ ಒಂದು ಸುಗ್ಗಿಯ ಜೋಳವೆಲ್ಲ ಹಿಡಿಯುತ್ತಿತ್ತು. ಬರಬರುತ್ತ ಹಿಡಿಯದಾಯಿತು. ಬೆಳೆ ಅಷ್ಟೇ, ಹೊರಗುಳಿದ ರಾಶಿ ಮಾತ್ರ ವರ್ಷವರ್ಷಕ್ಕೂ ದೊಡ್ಡದು. ಹಗೇವಿನಲ್ಲಿ ಭೂತ ಸೇರಿದೆ ಎಂದರು ಊರವರು. ಅವನು ಕಾಯಿ ಒಡೆದ, ಕೋಳಿ ಕೊಟ್ಟ. ರಾಶಿ ಹೊರಗೇ ಉಳಿಯಿತು.

ಆ ವರ್ಷ ರಾಶಿಯ ಮೇಲೆ ಮೋಡ ಕವಿಯಿತು. ರೈತ ಹಗೇವಿನ ಬಾಯಿಗೂ ರಾಶಿಗೂ ನಡುವೆ ಸುಮ್ಮನೆ ಓಡಾಡಿದ.

"ಭೂತ ಜೋಳ ತಿಂದಿದ್ದರೆ ಜೋಳ ಕಡಿಮೆಯಾಗಬೇಕಿತ್ತಲ್ಲ?" ಎಂದಳು ಹೆಂಡತಿ. "ಜಾಗ ತಿನ್ನುವ ಭೂತವನ್ನು ನಮ್ಮ ತವರಿನಲ್ಲಂತೂ ಯಾರೂ ಕಂಡಿಲ್ಲ. ಕೋಳಿಯ ಮೇಲೆ ಕೋಳಿ ಕೊಡುವ ಬದಲು ಒಮ್ಮೆ ಗೋಡೆ ಮುಟ್ಟಿ ನೋಡಬಾರದೇ, ಮಹಾರಾಯರೇ?"

ಅವನು ಹಾರೆ ಹಿಡಿದು ಇಳಿದ. ತನ್ನ ಬಾಲ್ಯದಲ್ಲಿ ಅಪ್ಪ ಕೈಚಾಚಿ ನಿಲ್ಲುತ್ತಿದ್ದ ಕಡೆ ಈಗ ಅವನ ಮೊಣಕೈ ಗೋಡೆಗೆ ತಾಗಿತು. ಹಾರೆಯಿಂದ ಹೊಡೆದ. ಮಣ್ಣು ಕಳಚಿತು. ಅದರ ಹಿಂದೆ ಹುಲ್ಲು, ಹುಲ್ಲಿನ ಹಿಂದೆ ಮತ್ತೆ ಮಣ್ಣು, ಮತ್ತೆ ಹುಲ್ಲು. ಜೋಳಕ್ಕೆ ತೇವ ತಗಲೀತೆಂದು ಅವನು ಪ್ರತಿ ಸುಗ್ಗಿಗೂ ಗೋಡೆಗೆ ಹುಲ್ಲು ಹೊದಿಸಿ ಮಣ್ಣು ಮೆತ್ತುತ್ತಿದ್ದ. ಹಳೆಯದನ್ನು ಕೆರೆದು ತೆಗೆಯಲು ಅವನಿಗೆ ಧೈರ್ಯ ಬಂದಿರಲಿಲ್ಲ. ಭೂತದ ಸುದ್ದಿ ಹುಟ್ಟಿದ ಮೇಲೆ ಇನ್ನಷ್ಟು ದಪ್ಪ ಮೆತ್ತಿದ್ದ. ಎಲ್ಲಕ್ಕಿಂತ ಹಿಂದೆ ತಂದೆಯ ಗೋಡೆ ಸಿಕ್ಕಿತು. ಅದು ಒಣಗಿಯೇ ಇತ್ತು.

ಹಳೆಯ ಪದರಗಳನ್ನೆಲ್ಲ ಕೆರೆದು ಹೊರಹಾಕಿದ. ಹನಿ ಬೀಳುವ ಮೊದಲು ರಾಶಿಯೆಲ್ಲ ಒಳಗೆ ಹೋಯಿತು.

ಗುರುಗಳು ಮಾತು ನಿಲ್ಲಿಸಿದರು.

"ನಾನು ಹೇಳಲಿಲ್ಲವೇ?" ಎಂದಳು ವೈಜಯಂತಿ, ತುಸು ಗೆಲುವಿನಿಂದ. "ಭೂತ ಇರಲೇ ಇಲ್ಲ."

"ಇತ್ತಮ್ಮ," ಎಂದರು ಗುರುಗಳು, "ಪ್ರತಿ ಸುಗ್ಗಿಗೂ ಮಣ್ಣಿನ ಬುಟ್ಟಿ ಹೊತ್ತು ಏಣಿ ಇಳಿಯುತ್ತಿತ್ತು."